ಬೆಣಚುಕಲ್ಲಿನಿಂದ ಸ್ಟಿಶೋವೈಟ್: ಮಲ್ಟಿ-ಆನ್ವಿಲ್ ಪ್ರೆಸ್ಸಿನಲ್ಲಿ ಗಡಸು ವಸ್ತು ತಯಾರಿಸುವ ಸಮಗ್ರ ಮಾರ್ಗದರ್ಶಿ

ಬೆಣಚುಕಲ್ಲು ಗೊತ್ತಿಲ್ಲದವರು ಯಾರಿದ್ದಾರೆ? ಹೊಲದ ಬದುವಿನಲ್ಲಿ ಬೆಳ್ಳಗೆ ಹೊಳೆಯುತ್ತಾ ಬಿದ್ದಿರುತ್ತದೆ. ಕತ್ತಲಲ್ಲಿ ಎರಡು ಚೂರು ಉಜ್ಜಿ ಮಿಂಚು ನೋಡುವ ಆಟ ನಾವೆಲ್ಲ ಆಡಿದ್ದೇವೆ, ಅಲ್ವಾ? ಅದೇ ಕಲ್ಲಿನ ಪುಡಿಯನ್ನು 12 ಗಿಗಾಪಾಸ್ಕಲ್ ಒತ್ತಡದಲ್ಲಿ, 1200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ಗಂಟೆ ಇಟ್ಟರೆ ಬೇರೆಯೇ ವಸ್ತು ಕೈಗೆ ಸಿಗುತ್ತದೆ. ಅದರ ಹೆಸರು ಸ್ಟಿಶೋವೈಟ್. ಒಳಗಿರುವುದು ಅದೇ ಸಿಲಿಕಾನ್, ಅದೇ ಆಮ್ಲಜನಕ. ಆದರೆ ಸಾಂದ್ರತೆ ಘನ ಸೆಂ.ಮೀ.ಗೆ 2.65 ಗ್ರಾಮಿನಿಂದ 4.29 ಗ್ರಾಮಿಗೆ ಏರಿರುತ್ತದೆ. ಗಡಸುತನ ಹತ್ತಿರ ಹತ್ತಿರ ಮೂರು ಪಟ್ಟಾಗಿರುತ್ತದೆ.

ಹೆಚ್ಚಿನ ಒತ್ತಡದಲ್ಲಿ ಗಡಸು ವಸ್ತು ತಯಾರಿಸುವುದನ್ನು ಕಲಿಯಲು ಸ್ಟಿಶೋವೈಟ್‌ಗಿಂತ ಒಳ್ಳೆಯ ಮೊದಲ ಪಾಠ ಇಲ್ಲ ಎಂದು ನಾನು ನಂಬಿದ್ದೇನೆ. ವಜ್ರಕ್ಕೆ ಬೇಕಾಗುವಂತೆ ಕರಗಿದ ಲೋಹದ ನೆರವು ಇದಕ್ಕೆ ಬೇಡ. ಕಚ್ಚಾವಸ್ತು ಅಗ್ಗ. ಒತ್ತಡ ಇಳಿಸಿದ ಮೇಲೂ ಅದು ಹಾಗೇ ಉಳಿಯುತ್ತದೆ. ತಪ್ಪಾದರೆ ಎಲ್ಲಿ ತಪ್ಪಿತು ಎಂದು ಆ ಸ್ಯಾಂಪಲ್ಲೇ ಹೇಳುತ್ತದೆ.

ಮಲ್ಟಿ-ಆನ್ವಿಲ್ ಪ್ರೆಸ್ (ಆನ್ವಿಲ್ ಎಂಬ ಹಲವು ಗಡಸು ತುಂಡುಗಳಿಂದ ಸ್ಯಾಂಪಲ್ಲನ್ನು ಎಲ್ಲ ಕಡೆಯಿಂದ ಒತ್ತುವ ಯಂತ್ರ) ಇರುವ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಮಾಡುವ ಕೆಲಸವಲ್ಲ ಇದು. ತರಬೇತಿ ಪಡೆದವರು ಪಕ್ಕದಲ್ಲಿ ಇಲ್ಲದೆ ಯಾವ ಹಂತವನ್ನೂ ಮುಟ್ಟಬೇಡಿ.

ಮೊದಲೇ ಒಂದು ಮಾತು. ಹೊಸಬರ ಕಣ್ಣು ಆ ದೊಡ್ಡ ಪ್ರೆಸ್ಸಿನ ಮೇಲೆಯೇ ಇರುತ್ತದೆ. ಪ್ರೆಸ್ ಬರೀ ತಳ್ಳುತ್ತದೆ ಅಷ್ಟೇ. ಆ ಒತ್ತಡವನ್ನು ಹಿಡಿದಿಡುವುದು ನೀವು ಮೇಜಿನ ಮೇಲೆ ಚಿಮುಟದಲ್ಲಿ ಜೋಡಿಸಿದ ಸೆಲ್, ಅಂದರೆ ಸ್ಯಾಂಪಲ್, ಪುಟ್ಟ ಕುಲುಮೆ, ಸುತ್ತಲಿನ ಹೊದಿಕೆ ಎಲ್ಲ ಸೇರಿದ ಗಂಟು. ಕೆಟ್ಟುಹೋದ ಪ್ರಯೋಗಗಳ ಮೂಲ ಹುಡುಕಿದರೆ ಸಾಮಾನ್ಯವಾಗಿ ಆ ಮೇಜಿಗೇ ಬಂದು ನಿಲ್ಲುತ್ತೀರಿ. ಹಾಗಾಗಿ ಇಲ್ಲಿ ಮೇಜಿನ ಕೆಲಸಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ಎಲ್ಲಿಗೆ ಹೋಗಬೇಕು ಎಂದು ಗೊತ್ತುಮಾಡಿಕೊಳ್ಳಿ

ಸಿಲಿಕಾದ, ಅಂದರೆ ಬೆಣಚುಕಲ್ಲಿನ ವಸ್ತುವಿನ, ಫೇಸ್ ಡಯಾಗ್ರಾಂ ಮುಂದಿಟ್ಟುಕೊಳ್ಳಿ. ಯಾವ ಒತ್ತಡ, ಯಾವ ಬಿಸಿಯಲ್ಲಿ ಅದು ಯಾವ ರೂಪದಲ್ಲಿರುತ್ತದೆ ಎಂದು ತೋರಿಸುವ ನಕ್ಷೆ ಅದು. ಅಡ್ಡಕ್ಕೆ ತಾಪಮಾನ, ಉದ್ದಕ್ಕೆ ಒತ್ತಡ. ಸುಮಾರು 1000 ಡಿಗ್ರಿಯಲ್ಲಿ ಒತ್ತಡ 3 ಗಿಗಾಪಾಸ್ಕಲ್ ದಾಟಿದರೆ ಬೆಣಚುಕಲ್ಲು ಕೋಯೆಸೈಟ್ ಆಗುತ್ತದೆ. 1953ರಲ್ಲಿ ಅಮೆರಿಕದ ನಾರ್ಟನ್ ಕಂಪನಿಯಲ್ಲಿ ಲೋರಿಂಗ್ ಕೋಯೆಸ್ ಮೊದಲು ತಯಾರಿಸಿದ್ದು ಇದನ್ನೇ. ಇನ್ನೂ ಮೇಲಕ್ಕೆ ಹೋಗಿ ಸುಮಾರು 9 ಗಿಗಾಪಾಸ್ಕಲ್ ದಾಟಿದರೆ ಸ್ಟಿಶೋವೈಟ್. ಇದನ್ನು 1961ರಲ್ಲಿ ಮಾಸ್ಕೋದಲ್ಲಿ ಸೆರ್ಗೆಯ್ ಸ್ಟಿಶೋವ್ ಮತ್ತು ಪೊಪೋವಾ ತಯಾರಿಸಿದರು. ಮರುವರ್ಷವೇ ಎಡ್ವರ್ಡ್ ಚಾವೊ ಮತ್ತು ಸಂಗಡಿಗರು ಅರಿಝೋನಾದ ಉಲ್ಕಾಕುಳಿಯ ಕಲ್ಲಿನಲ್ಲಿ ಅದೇ ಖನಿಜವನ್ನು ಕಂಡರು. ಪ್ರಯೋಗಾಲಯದಲ್ಲಿ ಮೊದಲು, ನೆಲದಲ್ಲಿ ಆಮೇಲೆ! ಕೋಯೆಸೈಟ್ ನಮ್ಮ ಲಡಾಖಿನ ತ್ಸೋ ಮೊರಿರಿ ಸೀಮೆಯ ಬಂಡೆಗಳಲ್ಲೂ ಸಿಕ್ಕಿದೆ. ಆ ಬಂಡೆ ಒಂದು ಕಾಲದಲ್ಲಿ ತೊಂಬತ್ತು ಕಿ.ಮೀ.ಗೂ ಆಳಕ್ಕೆ ಹೋಗಿ ಮರಳಿ ಬಂದಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ.

ಗಡಿ 9ರ ಹತ್ತಿರ ಇದ್ದರೂ ನಾವು 12ಕ್ಕೆ ಗುರಿ ಇಡುತ್ತೇವೆ. ಕಾರಣ ಸರಳ. ಬೆಣಚುಕಲ್ಲು ಸ್ಟಿಶೋವೈಟ್ ಆಗುವಾಗ ಅದರ ಗಾತ್ರ ಶೇಕಡಾ 38ರಷ್ಟು ಕುಗ್ಗುತ್ತದೆ. ಸ್ಯಾಂಪಲ್ ಕುಗ್ಗಿದರೆ ಸುತ್ತಲಿನ ಒತ್ತಡವೂ ಇಳಿಯುತ್ತದೆ. ಗಡಿಗೆ ಅಂಟಿಕೊಂಡು ನಿಂತರೆ ಅರ್ಧ ಕೋಯೆಸೈಟ್, ಅರ್ಧ ಸ್ಟಿಶೋವೈಟ್ ಸಿಗುತ್ತದೆ. ಗಡಿಯಿಂದ ಎರಡು ಮೂರು ಗಿಗಾಪಾಸ್ಕಲ್ ಒಳಗೆ ಹೋಗಿ ನಿಲ್ಲಿ.

12 ಗಿಗಾಪಾಸ್ಕಲ್ ಅಂದರೆ ಸುಮಾರು 1.2 ಲಕ್ಷ ವಾತಾವರಣದ ಒತ್ತಡ. ಭೂಮಿಯೊಳಗೆ ಇಳಿದರೆ ಸುಮಾರು 360 ಕಿ.ಮೀ. ಆಳದಲ್ಲಿ ಇಷ್ಟು ಇರುತ್ತದೆ.

ಹಂತ 2: ಯಂತ್ರವನ್ನು ಅರ್ಥಮಾಡಿಕೊಳ್ಳಿ

ಎಂಟು ಕ್ಯೂಬ್‌ಗಳನ್ನು ಬಳಸಿ ನಡುವಿನ ಎಂಟು ಮುಖದ ತುಂಡನ್ನು ಒತ್ತುವ ಈ ವಿಧಾನವನ್ನು ಜಪಾನಿನ ನಾವೊಟೊ ಕವಾಯ್ ರೂಪಿಸಿದರು. 1990ರಲ್ಲಿ ಡೇವಿಡ್ ವಾಕರ್ ಅದನ್ನು ಚಿಕ್ಕದಾಗಿ, ಅಗ್ಗವಾಗಿ ಮಾಡಿಕೊಟ್ಟರು. ವಾಕರ್ ಮಾದರಿಯಲ್ಲಿ ದಪ್ಪ ಉಕ್ಕಿನ ಬಳೆಯೊಳಗೆ ಆರು ಉಕ್ಕಿನ ಬೆಣೆಗಳಿರುತ್ತವೆ. ಕೆಳಗೆ ಮೂರು, ಮೇಲೆ ಮೂರು. ಅವುಗಳ ನಡುವೆ ಘನಾಕಾರದ ಜಾಗ. ಆ ಜಾಗದಲ್ಲಿ ಎಂಟು ಟಂಗ್‌ಸ್ಟನ್ ಕಾರ್ಬೈಡ್ ಕ್ಯೂಬ್‌ಗಳು ಒಂದಕ್ಕೊಂದು ಒತ್ತಿ ಕೂರುತ್ತವೆ.

ಈ ಕಾರ್ಬೈಡ್ ನಿಮಗೆ ಹೊಸದಲ್ಲ. ಬೋರ್‌ವೆಲ್ ಲಾರಿಯ ಬಿಟ್‌ನ ಮೂತಿಯಲ್ಲಿ ಗುಂಡಿ ಜೋಡಿಸಿದಂತೆ ಹೊಳೆಯುವ ಉಬ್ಬುಗಳನ್ನು ನೋಡಿದ್ದೀರಲ್ಲ, ಅದೇ ವಸ್ತು. ಕಾರ್ಬೈಡ್ ಕಣಗಳನ್ನು ಕೋಬಾಲ್ಟ್‌ನಿಂದ ಬೆಸೆದದ್ದು. ಒಂದು ಇಂಚಿನ ಕ್ಯೂಬ್ ಕೈಗೆತ್ತಿಕೊಳ್ಳಿ. ಕಾಲು ಕೆಜಿ ತೂಗುತ್ತದೆ. ನೋಡಲು ಚಿಕ್ಕದು, ತೂಕಕ್ಕೆ ಕೈ ಸಣ್ಣಗೆ ಬೆಚ್ಚುತ್ತದೆ.

ಪ್ರತಿ ಕ್ಯೂಬಿನ ಒಂದು ಮೂಲೆ ಕತ್ತರಿಸಿರುತ್ತದೆ. ಅಲ್ಲಿ ಪುಟ್ಟ ತ್ರಿಕೋನದ ಮುಖ. ಎಂಟು ತ್ರಿಕೋನಗಳು ಒಳಮುಖವಾಗಿ ಸೇರಿದಾಗ ನಡುವೆ ಆಕ್ಟಾಹೆಡ್ರಾನ್, ಅಂದರೆ ಎಂಟು ಮುಖದ ಆಕಾರದ ಗೂಡು ಆಗುತ್ತದೆ. ನಮ್ಮ ಸ್ಯಾಂಪಲ್ ಕೂರುವುದು ಅಲ್ಲಿ. ‘14/8’ ಎಂದು ಬರೆದಿದ್ದರೆ ಆಕ್ಟಾಹೆಡ್ರಾನಿನ ಅಂಚು 14 ಮಿ.ಮೀ., ಕ್ಯೂಬಿನ ತ್ರಿಕೋನದ ಅಂಚು 8 ಮಿ.ಮೀ. ಎಂದು ಓದಿಕೊಳ್ಳಿ. ನಮ್ಮ ಕೆಲಸಕ್ಕೆ ಇದೇ ಸರಿಯಾದ ಅಳತೆ. 18/11ರಲ್ಲಿ ಜಾಗ ಜಾಸ್ತಿ, ಒತ್ತಡ ಸಾಲದು. 10/5ರಲ್ಲಿ ಒತ್ತಡ ಜಾಸ್ತಿ, ಸ್ಯಾಂಪಲ್ ತೀರಾ ಸಣ್ಣದು.

ಒಂದು ಲೆಕ್ಕ ಮಾಡಿ ನೋಡಿ. 8 ಮಿ.ಮೀ. ಅಂಚಿನ ತ್ರಿಕೋನದ ವಿಸ್ತೀರ್ಣ 27.7 ಚದರ ಮಿ.ಮೀ. ಅದರ ಮೇಲೆ 12 ಗಿಗಾಪಾಸ್ಕಲ್ ಅಂದರೆ ಸುಮಾರು 34 ಟನ್ ಭಾರ. ಕಿರುಬೆರಳಿನ ಉಗುರಿಗಿಂತ ಚಿಕ್ಕ ಜಾಗದ ಮೇಲೆ, ಲೋಡು ತುಂಬಿದ ಹತ್ತು ಚಕ್ರದ ಲಾರಿಗಿಂತ ಹೆಚ್ಚು. ಇಂಥ ತ್ರಿಕೋನಗಳು ಎಂಟಿವೆ. ಈ ಲೆಕ್ಕ ತಲೆಯಲ್ಲಿದ್ದರೆ ಮುಂದಿನ ಎಚ್ಚರಿಕೆಗಳಿಗೆಲ್ಲ ಕಾರಣ ತಾನಾಗಿ ತಿಳಿಯುತ್ತದೆ.

ಹಂತ 3: ಒತ್ತಡದ ಅಳತೆ ಸರಿ ಇದೆಯಾ ನೋಡಿ

ಪ್ರೆಸ್ಸಿನ ಮೀಟರ್ ತೋರಿಸುವುದು ಎಣ್ಣೆಯ ಒತ್ತಡ ಅಥವಾ ಟನ್ ಲೆಕ್ಕ. ಸ್ಯಾಂಪಲ್ಲಿನ ಒತ್ತಡ ಅದರಲ್ಲಿ ಕಾಣುವುದಿಲ್ಲ. ಬಹಳಷ್ಟು ಬಲ ಕ್ಯೂಬ್‌ಗಳ ಸಂದಿ ಮುಚ್ಚುವ ಗ್ಯಾಸ್ಕೆಟ್ ಹಿಸುಕುವುದಕ್ಕೇ ಹೋಗುತ್ತದೆ. ಆದ್ದರಿಂದ ಒತ್ತಡ ಗೊತ್ತಿರುವ ಬದಲಾವಣೆಗಳನ್ನು ಗುರುತುಕಲ್ಲಿನಂತೆ ಬಳಸುತ್ತೇವೆ.

ತಣ್ಣಗಿರುವಾಗ ಬಿಸ್ಮತ್ ತಂತಿ ಇಟ್ಟು ಒತ್ತಿದರೆ ಅದರ ವಿದ್ಯುತ್ ರೋಧ 2.55 ಗಿಗಾಪಾಸ್ಕಲ್‌ನಲ್ಲಿ ಒಮ್ಮೆ, 7.7ರಲ್ಲಿ ಮತ್ತೊಮ್ಮೆ ತಟ್ಟನೆ ಜಿಗಿಯುತ್ತದೆ. ಝಿಂಕ್ ಟೆಲ್ಯುರೈಡ್ 9.6 ಮತ್ತು 12ರ ಸುಮಾರಿಗೆ, ಝಿಂಕ್ ಸಲ್ಫೈಡ್ 15.6ರ ಸುಮಾರಿಗೆ ಬದಲಾಗುತ್ತವೆ. ಪ್ರತಿ ಜಿಗಿತಕ್ಕೂ ಎಷ್ಟು ಟನ್ ಬೇಕಾಯಿತು ಎಂದು ಬರೆದು ಗೆರೆ ಎಳೆಯಿರಿ.

ಅಷ್ಟಕ್ಕೇ ನಿಲ್ಲಬೇಡಿ. ಬಿಸಿ ಮಾಡಿದಾಗ ಸೆಲ್ಲಿನ ಭಾಗಗಳು ಮೆತ್ತಗಾಗುತ್ತವೆ, ಗ್ಯಾಸ್ಕೆಟ್ ಹರಿಯುತ್ತದೆ. ತಣ್ಣಗಿನ ಗೆರೆ ಬಿಸಿಯಲ್ಲಿ ಸುಳ್ಳು ಹೇಳುತ್ತದೆ. ಬಿಸಿಯ ಗುರುತುಗಳು ಬೇರೆ ಬೇಕು. ಕೋಯೆಸೈಟ್–ಸ್ಟಿಶೋವೈಟ್ ಗಡಿ ಅಂಥ ಒಂದು ಗುರುತು. 1200 ಡಿಗ್ರಿಯಲ್ಲಿ ಅದು ಸುಮಾರು 9.2 ಗಿಗಾಪಾಸ್ಕಲ್. 1400 ಡಿಗ್ರಿಯಲ್ಲಿ ಫಾರ್ಸ್ಟರೈಟ್ ಎಂಬ ಖನಿಜ ವ್ಯಾಡ್ಸ್‌ಲೆಯೈಟ್ ಎಂಬ ಇನ್ನೊಂದು ಖನಿಜ ಆಗುವುದು 14ರ ಸುಮಾರಿಗೆ. ನಿಮ್ಮ ಪ್ರಯೋಗಾಲಯದಲ್ಲಿ ಹಳೆಯ ಗೆರೆ ಇದ್ದರೂ ಅದೇ ಸೆಲ್, ಅದೇ ಗ್ಯಾಸ್ಕೆಟ್, ಅದೇ ಕಂಪನಿಯ ಕ್ಯೂಬ್ ಬಳಸಿದ್ದರಾ ಎಂದು ಕೇಳಿ. ಒಂದು ಬದಲಾದರೂ ಗೆರೆ ಬದಲಾಗುತ್ತದೆ.

ಹಂತ 4: ಭಾಗಗಳನ್ನು ಸಿದ್ಧಮಾಡಿ, ಒಣಗಿಸಿ

ಮೇಜಿನ ಮೇಲೆ ಇರಬೇಕಾದ್ದು ಇಷ್ಟು. ಶೇಕಡಾ 5ರಷ್ಟು ಕ್ರೋಮಿಯಂ ಆಕ್ಸೈಡ್ ಸೇರಿಸಿದ ಮೆಗ್ನೀಷಿಯಂ ಆಕ್ಸೈಡ್ ಆಕ್ಟಾಹೆಡ್ರಾನ್. ಬಿಸಿ ಹೊರಗೆ ಹೋಗದಂತೆ ತಡೆಯಲು ಝಿರ್ಕೋನಿಯಾ ಕೊಳವೆ. ಕುಲುಮೆಯಾಗಿ ರೀನಿಯಂ ಹಾಳೆ ಅಥವಾ ಲ್ಯಾಂಥನಂ ಕ್ರೋಮೈಟ್ ಕೊಳವೆ. ಮೆಗ್ನೀಷಿಯಂ ಆಕ್ಸೈಡಿನ ಬಿಲ್ಲೆಗಳು, ತೋಳುಗಳು. ಕರೆಂಟು ಹರಿಯಲು ಮಾಲಿಬ್ಡಿನಂ ಬಿಲ್ಲೆ. ಪ್ಲಾಟಿನಂ ಕ್ಯಾಪ್ಸೂಲ್. ಪೈರೋಫಿಲೈಟ್ ಗ್ಯಾಸ್ಕೆಟ್‌ಗಳು.

ಕುಲುಮೆಗೆ ಗ್ರಾಫೈಟ್ ಯಾಕೆ ಬೇಡ ಎಂದು ಕೇಳುತ್ತೀರಿ. ಕಡಿಮೆ ಒತ್ತಡದಲ್ಲಿ ಗ್ರಾಫೈಟೇ ಚೆಂದ. ಆದರೆ 10 ಗಿಗಾಪಾಸ್ಕಲ್ ದಾಟಿ ಜಾಸ್ತಿ ಬಿಸಿ ಮಾಡಿದರೆ ಅದು ತಾನೇ ವಜ್ರವಾಗಲು ಹೊರಡುತ್ತದೆ. ವಜ್ರದಲ್ಲಿ ಕರೆಂಟು ಹರಿಯುವುದಿಲ್ಲ. ಕುಲುಮೆ ಆರಿಹೋಗುತ್ತದೆ.

ಪೈರೋಫಿಲೈಟ್ ಬಗ್ಗೆ ಎರಡು ಮಾತು. ಇದು ನಮ್ಮ ಬಳಪದ ಕಲ್ಲಿನ ಹತ್ತಿರದ ನೆಂಟ. ಬಳಪದ ಕಲ್ಲಿನಲ್ಲಿ ಮೆಗ್ನೀಷಿಯಂ ಇದ್ದರೆ ಇದರಲ್ಲಿ ಅಲ್ಯೂಮಿನಿಯಂ. ಬೆರಳಿಗೆ ಅದೇ ನುಣುಪು. ಉಗುರಿನಿಂದ ಗೀರಬಹುದು. ಎಂಟು ಕಾರ್ಬೈಡ್ ಕ್ಯೂಬ್‌ಗಳ ಸಂದಿಯಲ್ಲಿ ಕೂತು ಇದು ಹಿಸುಕಿಕೊಳ್ಳುತ್ತಾ ಹೊರಕ್ಕೆ ಸರಿಯುತ್ತದೆ. ಸರಿದಷ್ಟೂ ತೆಳುವಾಗಿ, ಉಜ್ಜಾಟ ಜಾಸ್ತಿಯಾಗಿ ಕಚ್ಚಿಕೊಳ್ಳುತ್ತದೆ. 12 ಗಿಗಾಪಾಸ್ಕಲ್ ಹೊರಗೆ ನುಗ್ಗದಂತೆ ತಡೆದು ನಿಲ್ಲಿಸುವುದು ಈ ಮೆತ್ತನೆ ಕಲ್ಲು. ಗ್ಯಾಸ್ಕೆಟ್ ಅಳತೆ 0.1 ಮಿ.ಮೀ. ತಪ್ಪಿದರೂ ಅದು ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಹರಿಯುತ್ತದೆ. ಹನ್ನೆರಡೂ ತುಂಡುಗಳನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ತಪ್ಪಿದ್ದನ್ನು ಪಕ್ಕಕ್ಕಿಡಿ, ಉಜ್ಜಿ ಸರಿಮಾಡಲು ಹೋಗಬೇಡಿ.

ಈಗ ಒಣಗಿಸುವುದು. ಮೆಗ್ನೀಷಿಯಂ ಆಕ್ಸೈಡ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಒಳಗೆ ನೀರು ಉಳಿದರೆ ಬಿಸಿಯಲ್ಲಿ ಅದು ಸ್ಯಾಂಪಲ್ಲಿಗೆ ನುಗ್ಗುತ್ತದೆ, ಕರಗುವ ತಾಪಮಾನ ಇಳಿಸುತ್ತದೆ, ತಾಪಮಾನ ಅಳೆಯುವ ತಂತಿಜೋಡಿಯನ್ನು (ಥರ್ಮೋಕಪಲ್) ಕೆಡಿಸುತ್ತದೆ. ಆಕ್ಟಾಹೆಡ್ರಾನ್ ಮತ್ತು ಒಳಗಿನ ಸೆರಾಮಿಕ್ ಭಾಗಗಳನ್ನು 1000 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ. ಆಮೇಲೆ ಸೆಲ್ ಜೋಡಿಸುವ ಗಳಿಗೆವರೆಗೂ 110 ಡಿಗ್ರಿಯ ಓವನ್‌ನಲ್ಲಿ ಇಡಿ. ಝಿರ್ಕೋನಿಯಾ ಸಿಮೆಂಟ್ ಹಚ್ಚಿದ ಮೇಲೆ ಮತ್ತೆ ಒಣಗಿಸಿ.

ನನ್ನ ಮೊದಲ ಪ್ರಯೋಗ ಕೆಟ್ಟಿದ್ದು ಇಲ್ಲೇ. ಸಿಮೆಂಟ್ ಮೇಲೆ ಮುಟ್ಟಿದರೆ ಒಣಗಿದಂತೆ ಇತ್ತು. ಅವಸರದಲ್ಲಿ ಒಳಕ್ಕೆ ಹಾಕಿದೆ. 700 ಡಿಗ್ರಿ ದಾಟುತ್ತಿದ್ದಂತೆ ತಾಪಮಾನದ ಅಂಕಿ ಕುಣಿಯತೊಡಗಿ, ಆಮೇಲೆ ಸತ್ತೇ ಹೋಯಿತು. ಒಂದೂವರೆ ದಿನದ ಕೆಲಸ ಹೋಯಿತು. ಅವತ್ತಿನಿಂದ ನಮ್ಮ ವರ್ಕ್‌ಶಾಪಿನ ಹಿರಿಯರು ನನ್ನ ಕೈಯಲ್ಲಿ ಸೆಲ್ ಕಂಡಾಗಲೆಲ್ಲ ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಒಣಗಿಸಿದ್ರಾ?”

ಹಂತ 5: ಸ್ಯಾಂಪಲ್ ತುಂಬಿ

ಶುದ್ಧ ಬೆಣಚುಕಲ್ಲಿನ ಪುಡಿಯನ್ನು ಅಗೇಟ್ ಕುಟ್ಟಣಿಯಲ್ಲಿ ನುಣ್ಣಗೆ ಅರೆಯಿರಿ. ಅದನ್ನೂ ರಾತ್ರಿಯಿಡೀ ಒಣಗಿಸಿ. ಪ್ಲಾಟಿನಂ ಕ್ಯಾಪ್ಸೂಲಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ಪ್ರತಿ ಸಲ ಕಡ್ಡಿಯಿಂದ ಗಟ್ಟಿಯಾಗಿ ಅದುಮಿ. ಸಡಿಲವಾಗಿ ತುಂಬಿದ ಪುಡಿಯಲ್ಲಿ ಖಾಲಿ ಜಾಗ ಇರುತ್ತದೆ. ಒತ್ತಿದಾಗ ಕ್ಯಾಪ್ಸೂಲ್ ಆ ಜಾಗಕ್ಕೆ ಕುಸಿದು ಕುಲುಮೆಯನ್ನು ಸೊಟ್ಟ ಮಾಡುತ್ತದೆ. ಕ್ಯಾಪ್ಸೂಲಿನ ಒಳಗಿನ ಜಾಗ ಅಡ್ಡ 2 ಮಿ.ಮೀ., ಉದ್ದ 3 ಮಿ.ಮೀ. ಅಂದರೆ ಕೊನೆಗೆ ಕೈಗೆ ಬರುವುದು ಅಕ್ಕಿಕಾಳಿನಷ್ಟು.

ಪುಡಿಯ ಬದಲು ಸಿಲಿಕಾ ಗಾಜಿನ ಕಡ್ಡಿಯನ್ನೂ ಬಳಸಬಹುದು. ಖಾಲಿ ಜಾಗದ ತಂಟೆ ಇರುವುದಿಲ್ಲ. ಆದರೆ ಗಾಜಿನ ಸಾಂದ್ರತೆ 2.20 ಮಾತ್ರ. ಸ್ಟಿಶೋವೈಟ್ ಆಗುವಾಗ ಗಾತ್ರ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಮೊದಲ ಸಲಕ್ಕೆ ಪುಡಿಯೇ ಇರಲಿ.

ಹಂತ 6: ಥರ್ಮೋಕಪಲ್ ಕೂರಿಸಿ

ಶೇಕಡಾ 5 ರೀನಿಯಂ ಮತ್ತು ಶೇಕಡಾ 26 ರೀನಿಯಂ ಸೇರಿದ ಎರಡು ಟಂಗ್‌ಸ್ಟನ್ ತಂತಿಗಳು ಬೇಕು. ಇದಕ್ಕೆ ಸಿ-ಟೈಪ್ ಎನ್ನುತ್ತಾರೆ. ಈ ತಂತಿಗಳು ಕೋಪಿಷ್ಠ ಜಾತಿ. ಒಂದೇ ಜಾಗದಲ್ಲಿ ಎರಡು ಸಲ ಬಗ್ಗಿಸಿದರೆ ಪಟ್ಟನೆ ಮುರಿಯುತ್ತವೆ. ನಾಲ್ಕು ತೂತಿನ ಅಲ್ಯೂಮಿನಾ ಕೊಳವೆಯಲ್ಲಿ ಪೋಣಿಸಿ, ತುದಿಯಲ್ಲಿ ಎರಡೂ ತಂತಿ ಒಂದನ್ನೊಂದು ಮುಟ್ಟುವಂತೆ ಮಾಡಿ. ಆ ಸಂಧಿ ಕ್ಯಾಪ್ಸೂಲಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು, ಏಕೆಂದರೆ ಇಷ್ಟು ಚಿಕ್ಕ ಕುಲುಮೆಯಲ್ಲಿ ಒಂದೆರಡು ಮಿ.ಮೀ. ಸರಿದರೆ ಹತ್ತಾರು ಡಿಗ್ರಿ ವ್ಯತ್ಯಾಸ ಬರುತ್ತದೆ.

ತಂತಿ ಹೊರಗೆ ಬರುವ ಜಾಗವೇ ಅಪಾಯದ ಜಾಗ. ಗ್ಯಾಸ್ಕೆಟ್ ಹರಿಯುವಾಗ ತಂತಿಯನ್ನು ಎಳೆದು ತುಂಡು ಮಾಡುತ್ತದೆ. ಅಲ್ಲಿ ತಂತಿಯನ್ನು ಸಣ್ಣ ಸ್ಪ್ರಿಂಗ್‌ನಂತೆ ಸುತ್ತಿಡಿ. ಎಳೆದಾಗ ಬಿಚ್ಚಿಕೊಳ್ಳಲು ಅದಕ್ಕೆ ಜಾಗ ಇರುತ್ತದೆ.

ಹಂತ 7: ಕ್ಯೂಬ್‌ಗಳನ್ನು ಕಟ್ಟಿ

ಕ್ಯೂಬ್‌ಗಳನ್ನು ಅಸಿಟೋನ್‌ನಲ್ಲಿ ಒರೆಸಿ. ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಕ್ಯೂಬ್ ಬೇಡ. ಬೆಲೆ ನೋಡಿ ಆಸೆ ಪಡಬೇಡಿ. ಅದು ಒಡೆದರೆ ಪಕ್ಕದ ಏಳನ್ನೂ ಕರೆದುಕೊಂಡು ಹೋಗುತ್ತದೆ.

ನಾಲ್ಕು ಕ್ಯೂಬ್‌ಗಳಿಗೆ ಗ್ಯಾಸ್ಕೆಟ್ ಅಂಟಿಸಿ. ಉಳಿದ ನಾಲ್ಕಕ್ಕೆ ಟೆಫ್ಲಾನ್ ಟೇಪ್ ಹಚ್ಚಿ, ಒಂದರ ಪಕ್ಕ ಒಂದು ಬರುವಂತೆ ಜೋಡಿಸಿ. ನಡುವೆ ಆಕ್ಟಾಹೆಡ್ರಾನ್ ಕೂರಿಸಿ. ಕುಲುಮೆಯ ಎರಡು ತುದಿ ಎದುರುಬದುರು ಇರುವ ಎರಡು ಕ್ಯೂಬ್‌ಗಳನ್ನು ಮುಟ್ಟಬೇಕು. ಕರೆಂಟು ಹೋಗುವುದೂ ಬರುವುದೂ ಆ ಎರಡರಿಂದಲೇ. ಹೊರಗಿನ ಆರು ಮುಖಕ್ಕೂ ಫೈಬರ್‌ಗ್ಲಾಸ್ ಹಲಗೆ ಇಟ್ಟು ಫೆವಿಕ್ವಿಕ್‌ನಂಥ ಅಂಟಿನಿಂದ ಅಂಟಿಸಿ. ಈಗ ಇಡೀ ಗಂಟು ಒಂದೇ ಪೆಟ್ಟಿಗೆಯಂತೆ ಕೈಗೆ ಬರುತ್ತದೆ.

ಪ್ರೆಸ್ಸಿಗೆ ಇಡುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ. ಕುಲುಮೆಯ ರೋಧ ನೋಡಿ. ಥರ್ಮೋಕಪಲ್ ತಂತಿ ಕುಲುಮೆಗಾಗಲಿ ಕ್ಯೂಬಿಗಾಗಲಿ ತಾಗಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಪ್ರೆಸ್ಸಿನೊಳಗೆ ಇಟ್ಟ ಮೇಲೆ ಇದೇ ಪರೀಕ್ಷೆ ಇನ್ನೊಮ್ಮೆ. ಬಳೆಯ ಒಳಮೈಗೆ ಗ್ರೀಸ್ ಹಚ್ಚಿದ ಮೈಲಾರ್ ಹಾಳೆ ಸುತ್ತುವುದನ್ನು ಮರೆಯಬೇಡಿ. ಬೆಣೆಗಳು ಜಾರಬೇಕು, ಜೊತೆಗೆ ಬಳೆಗೆ ಕರೆಂಟು ತಾಗಬಾರದು.

ಹಂತ 8: ಒತ್ತಿ, ಕಾಯಿಸಿ, ಆರಿಸಿ

ಲೋಡ್ ಏರಿಸಲು ಮೂರು ನಾಲ್ಕು ಗಂಟೆ ಕೊಡಿ. ಕಂಪ್ಯೂಟರ್ ತಾನೇ ಏರಿಸುತ್ತದೆ. ನೀವು ಅರ್ಧ ಗಂಟೆಗೊಮ್ಮೆ ರೋಧ ಬರೆದುಕೊಳ್ಳಿ.

ಗುರಿಯ ಲೋಡ್ ಮುಟ್ಟಿದ ಮೇಲೆ ತಣ್ಣೀರು ಹರಿಯುತ್ತಿದೆಯಾ ನೋಡಿ, ಆಮೇಲೆ ಕುಲುಮೆ ಹಚ್ಚಿ. ರೀನಿಯಂ ಕುಲುಮೆಗೆ ಕೆಲವೇ ವೋಲ್ಟ್ ಸಾಕು, ಕರೆಂಟು ಮಾತ್ರ ನೂರಾರು ಆಂಪಿಯರ್. ಮೊದಲ 200 ಡಿಗ್ರಿವರೆಗೆ ತೀರಾ ನಿಧಾನ. ಆಮೇಲೆ ನಿಮಿಷಕ್ಕೆ 50 ಡಿಗ್ರಿಯಂತೆ ಏರಿಸಿ. ಪ್ರತಿ 100 ಡಿಗ್ರಿಗೂ ಎಷ್ಟು ವ್ಯಾಟ್ ಹೋಯಿತು ಎಂದು ಬರೆಯಿರಿ. ಈ ಪಟ್ಟಿ ಬಹಳ ಮುಖ್ಯ. ಥರ್ಮೋಕಪಲ್ ನಡುವೆ ಸತ್ತರೆ ಇದೇ ಪಟ್ಟಿಯ ಆಧಾರದಲ್ಲಿ ಮುಂದಕ್ಕೆ ಹೋಗಬಹುದು. ವ್ಯಾಟ್ ಏರುತ್ತಿದ್ದರೂ ತಾಪಮಾನ ನಿಂತಲ್ಲೇ ನಿಂತರೆ ಅಂಕಿಯನ್ನು ನಂಬಬೇಡಿ. ಸಂಧಿ ಜಾರಿ ತಂತಿಗಳು ಬೇರೆ ಕಡೆ ಮುಟ್ಟಿರುತ್ತವೆ.

1200 ಡಿಗ್ರಿಯಲ್ಲಿ ಒಂದು ಗಂಟೆ. ನಂತರ ಕರೆಂಟು ಒಂದೇ ಏಟಿಗೆ ಕತ್ತರಿಸಿ. ಕುಲುಮೆ ಚಿಕ್ಕದು, ಸುತ್ತ ತಣ್ಣಗಿನ ಕಾರ್ಬೈಡ್ ಇದೆ. ಕೆಲವೇ ಸೆಕೆಂಡಿನಲ್ಲಿ ಬಿಸಿ ಆರುತ್ತದೆ. ಒತ್ತಡ ಇನ್ನೂ ಹಾಗೇ ಇರುವಾಗಲೇ ತಣ್ಣಗಾಗುವುದರಿಂದ ಪರಮಾಣುಗಳಿಗೆ ಹಿಂದಕ್ಕೆ ಮರಳಲು ಶಕ್ತಿ ಸಿಗುವುದಿಲ್ಲ. ಸ್ಟಿಶೋವೈಟ್ ಹಾಗೇ ಉಳಿಯುತ್ತದೆ. ಮೊದಲು ಒತ್ತಡ ಇಳಿಸಿ ಆಮೇಲೆ ಬಿಸಿ ಆರಿಸಿದರೆ ಏನೂ ಉಳಿಯದು.

ಹಂತ 9: ಒತ್ತಡ ಇಳಿಸುವುದು, ಇಲ್ಲಿ ಅವಸರ ಬೇಡವೇ ಬೇಡ

ಕೆಲಸ ಮುಗಿಯಿತು ಎಂದು ಅನ್ನಿಸುವ ಹೊತ್ತು ಇದು. ಸ್ಫೋಟಗಳು ಹೆಚ್ಚಾಗಿ ಆಗುವುದೂ ಈ ಹೊತ್ತಿನಲ್ಲೇ.

ಏರಿಸುವಾಗ ಗ್ಯಾಸ್ಕೆಟ್ ಹಿಸುಕಿಕೊಂಡು ಹೊರಕ್ಕೆ ಸರಿದು ತೆಳುವಾಗಿ ಕೂತಿದೆ. ಇಳಿಸುವಾಗ ಕ್ಯೂಬ್‌ಗಳು ಹಿಂದಕ್ಕೆ ಸರಿಯುತ್ತವೆ. ಗ್ಯಾಸ್ಕೆಟ್ ಅವುಗಳ ಜೊತೆ ಅಷ್ಟು ಬೇಗ ಹಿಂದಕ್ಕೆ ಬರುವುದಿಲ್ಲ. ಹೊರಗಿನ ಆಸರೆ ಕಳಚುತ್ತಿದೆ, ಒಳಗೆ ಒತ್ತಡ ಇನ್ನೂ ಕೂಡಿಹಾಕಿಕೊಂಡಿದೆ. ಒಂದು ಗ್ಯಾಸ್ಕೆಟ್ ಸೋತರೆ ಎಲ್ಲ ಶಕ್ತಿಯೂ ಆ ಸಂದಿಯಿಂದ ನುಗ್ಗುತ್ತದೆ. ಬಂದೂಕು ಹಾರಿಸಿದಂತೆ ಶಬ್ದ. ಕ್ಯೂಬ್‌ಗಳು ಚೂರು. ಸ್ಯಾಂಪಲ್ ಪುಡಿ.

12ರಿಂದ 16 ಗಂಟೆ ಕೊಡಿ. ಸಂಜೆ ಇಳಿಸಲು ಹಚ್ಚಿ ಮನೆಗೆ ಹೋಗಿ. ರಕ್ಷಣೆಯ ಪರದೆ ಮುಚ್ಚಿರಲಿ. ಲೋಡ್ ಸೊನ್ನೆ ಆಗುವವರೆಗೆ ಅದನ್ನು ತೆರೆಯಬೇಡಿ, ಇಣುಕಿ ನೋಡುವ ಆಸೆಯೂ ಬೇಡ. ಸಮಯ ಉಳಿಸಲು ಐದು ಗಂಟೆಯಲ್ಲಿ ಇಳಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಉಳಿಯುವುದು ಕೆಲವು ಗಂಟೆ, ಹೋಗುವುದು ಎಂಟು ಕ್ಯೂಬ್.

ಹಂತ 10: ತೆಗೆದು ಗುರುತಿಸಿ

ಬೆಳಿಗ್ಗೆ ಕ್ಯೂಬ್‌ಗಳನ್ನು ಬಿಡಿಸಿದಾಗ ಆಕ್ಟಾಹೆಡ್ರಾನ್ ಚಪ್ಪಟೆಯಾಗಿ, ಅಂಚಿನ ಸುತ್ತ ಗ್ಯಾಸ್ಕೆಟ್ಟಿನ ತೆಳು ರೆಕ್ಕೆಗಳ ಸಮೇತ ಸಿಗುತ್ತದೆ. ಎಲ್ಲ ಕಡೆ ರೆಕ್ಕೆ ಒಂದೇ ಸಮ ಇದ್ದರೆ ನಿಮ್ಮ ಜೋಡಣೆ ಚೆನ್ನಾಗಿತ್ತು ಎಂದರ್ಥ. ವಜ್ರದ ಗರಗಸದಲ್ಲಿ ಉದ್ದಕ್ಕೆ ಸೀಳಿ. ಎಪಾಕ್ಸಿಯಲ್ಲಿ ಕೂರಿಸಿ ಪಾಲಿಶ್ ಮಾಡಿ. ಸಿಲಿಕಾನ್ ಕಾರ್ಬೈಡ್ ಕಾಗದದಲ್ಲಿ ಸುತ್ತಲಿನ ಎಪಾಕ್ಸಿ ಸವೆಯುತ್ತಾ ಹೋದರೂ ನಡುವಿನ ಸ್ಯಾಂಪಲ್ ಸುಮ್ನೆ ಎದ್ದು ನಿಂತಿರುತ್ತದೆ. ಗಡಸು ವಸ್ತು ಸಿಕ್ಕಿದೆ ಎಂದು ಬೆರಳಿಗೇ ಮೊದಲು ತಿಳಿಯುವ ಆ ಗಳಿಗೆ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಕೊನೆಯ ಹೊಳಪಿಗೆ ವಜ್ರದ ಪೇಸ್ಟ್ ಬೇಕೇ ಬೇಕು.

ರಾಮನ್ ಸ್ಪೆಕ್ಟ್ರಮ್ ತೆಗೆಯಿರಿ, ಅಂದರೆ ಲೇಸರ್ ಬಿಟ್ಟು ಚದುರಿದ ಬೆಳಕಿನಿಂದ ವಸ್ತುವನ್ನು ಗುರುತಿಸಿ. ಮುಖ್ಯ ಗೆರೆ 753ರ ವೇವ್‌ನಂಬರಿನಲ್ಲಿ ಇದ್ದರೆ ಅದು ಸ್ಟಿಶೋವೈಟ್. 521ರಲ್ಲಿ ಇದ್ದರೆ ಕೋಯೆಸೈಟ್, ಒತ್ತಡ ಸಾಲಲಿಲ್ಲ. 464 ಕಂಡರೆ ಬೆಣಚುಕಲ್ಲು ಹಾಗೇ ಉಳಿದಿದೆ. ಲೇಸರ್ ಶಕ್ತಿ ಕಡಿಮೆ ಇರಲಿ. ಹೊರಗಿನ ಒತ್ತಡದಲ್ಲಿ ಸ್ಟಿಶೋವೈಟ್ ಬಿಸಿ ತಾಳುವುದಿಲ್ಲ. ಕೆಲವು ನೂರು ಡಿಗ್ರಿಗೇ ಗಾಜಾಗಿಬಿಡುತ್ತದೆ. ಅಳೆಯಲು ಹೋಗಿ ಕೆಡಿಸಿಕೊಂಡಂತೆ ಆಗುತ್ತದೆ.

ಎಕ್ಸ್‌ರೇ ವಿವರ್ತನೆಯಲ್ಲಿ ತಾಮ್ರದ ಕಿರಣ ಬಳಸಿದರೆ ಸ್ಟಿಶೋವೈಟಿನ ದೊಡ್ಡ ಗೆರೆ 30.2 ಡಿಗ್ರಿಯಲ್ಲಿ ಬರುತ್ತದೆ. ಬೆಣಚುಕಲ್ಲಿನದು 26.6. ಹಳೆಯ ಕಾಲದಲ್ಲಿ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಹಾಕಿ ನೋಡುತ್ತಿದ್ದರು. ಉಳಿದ ಸಿಲಿಕಾ ಕರಗುತ್ತದೆ, ಸ್ಟಿಶೋವೈಟ್ ಬಹುತೇಕ ಹಾಗೇ ಕೂರುತ್ತದೆ. ಆ ಆಮ್ಲ ಚರ್ಮ ದಾಟಿ ಮೂಳೆಯವರೆಗೆ ಹೋಗುವಂಥದ್ದು. ರಾಮನ್ ಇರುವಾಗ ಅದನ್ನು ಮುಟ್ಟುವ ಅಗತ್ಯವೇ ಇಲ್ಲ.

ಹಂತ 11: ಗಡಸುತನ ಅಳೆಯಿರಿ

ವಿಕರ್ಸ್ ವಿಧಾನ ಬಳಸಿ. 136 ಡಿಗ್ರಿ ಕೋನದ ವಜ್ರದ ಪಿರಮಿಡ್ಡನ್ನು ಗೊತ್ತಿರುವ ಭಾರದಲ್ಲಿ ಒತ್ತಿ, ಉಳಿದ ಗುರುತಿನ ಕರ್ಣ ಅಳೆಯುವುದು. ಭಾರವನ್ನು 1.8544ರಿಂದ ಗುಣಿಸಿ, ಕರ್ಣದ ವರ್ಗದಿಂದ ಭಾಗಿಸಿದರೆ ಗಡಸುತನ.

1 ಕೆಜಿ ಭಾರ, ಅಂದರೆ 9.81 ನ್ಯೂಟನ್. ಕರ್ಣ 24 ಮೈಕ್ರೋಮೀಟರ್ ಬಂದರೆ ಗಡಸುತನ 31.6 ಗಿಗಾಪಾಸ್ಕಲ್. ಅದೇ ಕರ್ಣವನ್ನು 23 ಎಂದು ಓದಿದರೆ 34.4. ಒಂದೇ ಒಂದು ಮೈಕ್ರೋಮೀಟರ್ ತಪ್ಪಿಗೆ ಸುಮಾರು 3 ಗಿಗಾಪಾಸ್ಕಲ್ ಬದಲಾಯಿತು! ಆದ್ದರಿಂದ ಹತ್ತು ಗುರುತಾದರೂ ಒತ್ತಿ. ಮೂಲೆಗಳಿಂದ ಬಿರುಕು ಉದ್ದಕ್ಕೆ ಹೋಗಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಕಡಿಮೆ ಭಾರದಲ್ಲಿ ವಸ್ತುಗಳು ಸಾಮಾನ್ಯವಾಗಿ ಇದ್ದದ್ದಕ್ಕಿಂತ ಗಡಸಾಗಿ ಕಾಣುತ್ತವೆ. ಭಾರ ಏರಿಸುತ್ತಾ ಹೋಗಿ, ಅಂಕಿ ಒಂದು ಮಟ್ಟಕ್ಕೆ ಬಂದು ನಿಂತ ಮೇಲೆ ಅದನ್ನು ಬರೆಯಿರಿ. ಯಾವ ಭಾರದಲ್ಲಿ ಅಳೆದಿರಿ ಎಂದೂ ಬರೆಯಿರಿ. ಅದಿಲ್ಲದ ಗಡಸುತನದ ಅಂಕಿಯನ್ನು ನಾನು ನಂಬುವುದಿಲ್ಲ.

ಈ ಗಲಾಟೆ ದೊಡ್ಡವರಲ್ಲೂ ಇದೆ. 2013ರಲ್ಲಿ ಚೀನಾದ ಯಾನ್‌ಷಾನ್ ವಿಶ್ವವಿದ್ಯಾಲಯದ ತಂಡ ಕ್ಯೂಬಿಕ್ ಬೋರಾನ್ ನೈಟ್ರೈಡ್ ಎಂಬ ಗಡಸು ವಸ್ತುವನ್ನು ವಿಶೇಷ ರಚನೆಯಲ್ಲಿ ತಯಾರಿಸಿ 100 ಗಿಗಾಪಾಸ್ಕಲ್ ದಾಟಿದ ಗಡಸುತನ ವರದಿ ಮಾಡಿತು. ಒತ್ತುವ ವಜ್ರದಷ್ಟೇ ಗಡಸಾದ ವಸ್ತುವನ್ನು ಆ ವಜ್ರದಿಂದ ಅಳೆಯುವುದು ಹೇಗೆ ಎಂಬ ಚರ್ಚೆ ಕೂಡಲೇ ಎದ್ದಿತು. ನ್ಯಾಯವಾದ ಪ್ರಶ್ನೆ ಅದು.

ಸಿಕ್ಕ ವಸ್ತು ಹೇಗೆ ನಡೆದುಕೊಳ್ಳುತ್ತದೆ

ಬೆಣಚುಕಲ್ಲಿನಲ್ಲಿ ಒಂದು ಸಿಲಿಕಾನ್ ಸುತ್ತ ನಾಲ್ಕು ಆಮ್ಲಜನಕ. ಸ್ಟಿಶೋವೈಟಿನಲ್ಲಿ ಆರು. ನಾಲ್ಕು ಇದ್ದಾಗ ನಡುವೆ ಬಹಳ ಖಾಲಿ ಜಾಗ, ಒತ್ತಿದರೆ ಕೀಲು ಮಡಚಿದಂತೆ ಮಡಚಿಕೊಳ್ಳುತ್ತದೆ. ಆರು ಇದ್ದಾಗ ಮಡಚಲು ಜಾಗವೇ ಇಲ್ಲ. ಕುಗ್ಗದಿರುವ ಗುಣವನ್ನು ಅಳೆಯುವ ಬಲ್ಕ್ ಮಾಡ್ಯುಲಸ್ ಬೆಣಚುಕಲ್ಲಿಗೆ ಸುಮಾರು 37 ಗಿಗಾಪಾಸ್ಕಲ್, ಸ್ಟಿಶೋವೈಟಿಗೆ 300ರ ಹತ್ತಿರ.

ಆದರೆ ಕುಗ್ಗದಿರುವುದೇ ಗಡಸುತನ ಎಂದುಕೊಳ್ಳಬೇಡಿ. ಆಸ್ಮಿಯಂ ಲೋಹ ಸ್ಟಿಶೋವೈಟಿಗಿಂತ ಕಡಿಮೆ ಕುಗ್ಗುತ್ತದೆ. ಗಡಸುತನದಲ್ಲಿ ಮಾತ್ರ ಅದರ ಹತ್ತಿರಕ್ಕೂ ಬರುವುದಿಲ್ಲ. ಪದರಗಳು ಪಕ್ಕಕ್ಕೆ ಜಾರದಂತೆ ಹಿಡಿಯುವ, ದಿಕ್ಕು ಬಿಡದ ಬಂಧಗಳು ಬೇಕು. ಲೋಹದಲ್ಲಿ ಅವು ಇರುವುದಿಲ್ಲ.

ಒತ್ತಡದಲ್ಲಿರುವಾಗಲೇ ವಸ್ತುವಿನ ಬಲ ಅಳೆಯುವ ದಾರಿಯೂ ಇದೆ. ಎರಡು ಆನ್ವಿಲ್ ನಡುವೆ ಹಿಸುಕಿದಾಗ ಒತ್ತಡ ಎಲ್ಲ ದಿಕ್ಕಿಗೂ ಒಂದೇ ಸಮ ಇರುವುದಿಲ್ಲ. ಹರಳಿನ ಜಾಲರಿ ಒಂದೊಂದು ದಿಕ್ಕಿಗೆ ಒಂದೊಂದು ಅಳತೆ ಕುಗ್ಗುತ್ತದೆ. ಆ ವ್ಯತ್ಯಾಸವನ್ನು ಎಕ್ಸ್‌ರೇಯಲ್ಲಿ ಅಳೆದು ಬಲ ಲೆಕ್ಕಹಾಕುವ ಸಮೀಕರಣಗಳನ್ನು 1993ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿದ್ದ (ಎನ್‌ಎಎಲ್) ಎ.ಕೆ. ಸಿಂಗ್. ಜಗತ್ತಿನ ಹೆಚ್ಚಿನ ಒತ್ತಡದ ಪ್ರಯೋಗಾಲಯಗಳು ಇಂದಿಗೂ ಅವನ್ನು ಬಳಸುತ್ತವೆ. ನಮ್ಮೂರಿನಿಂದ ಹೋದ ಇಂಥ ಕೆಲಸ ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು?

ಬಿರುಕಿನ ಕಥೆ ಇನ್ನೂ ಚೆಂದ. ಗಡಸು ವಸ್ತುಗಳು ಸಾಮಾನ್ಯವಾಗಿ ಗಾಜಿನಂತೆ ಒಡೆಯುತ್ತವೆ. ಆದರೆ 2012ರಲ್ಲಿ ನೊರಿಮಾಸಾ ನಿಶಿಯಾಮ ಮತ್ತು ಸಂಗಡಿಗರು ನ್ಯಾನೋ ಗಾತ್ರದ ಹರಳುಗಳ ಸ್ಟಿಶೋವೈಟ್ ತಯಾರಿಸಿದಾಗ ಅದು ಬಿರುಕನ್ನು ಚೆನ್ನಾಗಿ ತಾಳಿತು. ಬಿರುಕಿನ ತುದಿಯಲ್ಲಿ ಎಳೆತ ಜೋರಾದಾಗ ಅಲ್ಲಿನ ಸ್ಟಿಶೋವೈಟ್ ಗಾಜಾಗುತ್ತದೆ. ಗಾಜಾದರೆ ಗಾತ್ರ ಹತ್ತಿರ ಹತ್ತಿರ ಎರಡು ಪಟ್ಟು. ಉಬ್ಬಿದ ಗಾಜು ಬಿರುಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುತ್ತದೆ.

ಬಿಸಿಯಾಗುವ ಜಾಗದಲ್ಲಿ ಮಾತ್ರ ಸ್ಟಿಶೋವೈಟ್ ಆಗಿಬರುವುದಿಲ್ಲ. ಅಲ್ಲಿಗೆ 1957ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ರಾಬರ್ಟ್ ವೆಂಟಾರ್ಫ್ ತಯಾರಿಸಿದ ಕ್ಯೂಬಿಕ್ ಬೋರಾನ್ ನೈಟ್ರೈಡ್ ಬೇಕು. ಗಡಸು ಉಕ್ಕನ್ನು ಕತ್ತರಿಸುವಾಗ ಅದು ವಜ್ರಕ್ಕಿಂತ ಮೇಲು. ಬಿಸಿಯಲ್ಲಿ ವಜ್ರದ ಇಂಗಾಲ ಕಬ್ಬಿಣಕ್ಕೆ ಕರಗಿ ಹೋಗುತ್ತದೆ, ಇದು ಹೋಗುವುದಿಲ್ಲ.

ಮುಂದಿನ ಪ್ರಯೋಗ

ಮೊದಲ ಸ್ಯಾಂಪಲ್ಲಿನಲ್ಲಿ 753ರ ಗೆರೆ ಸಿಕ್ಕಿತು ಅಂದುಕೊಳ್ಳಿ. ಎರಡನೆಯದರಲ್ಲಿ ಒಂದನ್ನೇ ಬದಲಿಸಿ. ಪುಡಿಯ ಜಾಗಕ್ಕೆ ಸಿಲಿಕಾ ಗಾಜಿನ ಕಡ್ಡಿ. ಗಾತ್ರ ಜಾಸ್ತಿ ಕುಗ್ಗುವುದರಿಂದ ಲೋಡ್ ಸ್ವಲ್ಪ ಏರಿಸಿ, 14 ಗಿಗಾಪಾಸ್ಕಲ್ ಇರಲಿ. ತಾಪಮಾನ, ಸಮಯ ಎರಡೂ ಮೊದಲಿನಂತೆಯೇ. ಹರಳುಗಳ ಗಾತ್ರ, ಗಡಸುತನ, ಬಿರುಕಿನ ಉದ್ದ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಸ ಆಕ್ಟಾಹೆಡ್ರಾನನ್ನು ಮಾತ್ರ ಇವತ್ತೇ ಓವನ್‌ಗೆ ಹಾಕಿಡಿ.